ಮಲೆನಾಡಿನ ಅಂಗಳ ಮತ್ತು ನಗರದ ಸಹಜೀವನ

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳಲ್ಲಿ ಊರೆಂದರೆ ಬಯಲುಸೀಮೆಯಲ್ಲಿರುವಂತೆ ಗೋಡೆಗೆ ಗೋಡೆ ತಾಗಿದ ಮನೆಗಳ ಸಮೂಹವಲ್ಲ. ತೋಟ ಗದ್ದೆಗಳ ಅಂಚಿನಲ್ಲಿ ಚದುರಿದ ಮನೆಗಳೇ ಹೆಚ್ಚು. ಹೀಗೆ ದೂರದೂರವಾಗಿ ನೆಲೆಸಿದ ಜನರೇ ಕೂಡಿ ಕುಳಿತುಕೊಳ್ಳುವ ಸ್ಥಳಗಳನ್ನು ಅತ್ಯಂತ ಎಚ್ಚರದಿಂದ ಕಟ್ಟಿಕೊಂಡರೆಂಬುದು ಗಮನಾರ್ಹ ಸಂಗತಿ.

ಇದಕ್ಕೆ ಮಳೆಯೂ ಒಂದು ಕಾರಣ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮಳೆಗಾಲದುದ್ದಕ್ಕೂ ಹೊರಗೆ ಕುಳಿತು ಮಾಡುವ ಕೆಲಸವೆಲ್ಲ ಮಾಡಿನ ಕೆಳಗೆ ಬರಲೇಬೇಕು. ಆದುದರಿಂದಲೇ ಅಗಲವಾದ ಜಗಲಿ, ಇಳಿಜಾರಾದ ಮಾಡು, ಒಳಗೆ ಗಾಳಿ ಬೆಳಕುಗಳನ್ನು ತರುವ ತೊಟ್ಟಿ. ಕುಪ್ಪಳಿಯಲ್ಲಿ ಸ್ಮಾರಕವಾಗಿರುವ ಕುವೆಂಪು ಅವರ ಪೂರ್ವಿಕರ ತೊಟ್ಟಿಮನೆಯಲ್ಲಿ ಈ ರಚನೆಯನ್ನು ಇಂದಿಗೂ ಕಾಣಬಹುದು. ಇಂಥ ಮನೆಯಲ್ಲಿ ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವವರು ತೊಟ್ಟಿಯ ಸುತ್ತಿನ ಜಗಲಿಯನ್ನು ಬಳಸಿಯೇ ಸಾಗಬೇಕು. ಮುನಿಸಿಕೊಂಡ ಅಣ್ಣತಮ್ಮಂದಿರೂ ದಿನಕ್ಕೆ ಹತ್ತು ಸಲ ಮುಖ ನೋಡದೆ ವಿಧಿಯಿಲ್ಲ!

ಹೊರಗಿನ ಅಂಗಳಕ್ಕೆ ಜೀವ ಬರುವುದು ಅಡಿಕೆಯ ಕೊಯಿಲಿನಲ್ಲಿ. ಚಪ್ಪರ ಏಳುತ್ತದೆ, ನೆರೆಮನೆಯವರು ಮುಯ್ಯಾಳಾಗಿ ಬಂದು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತು ರಾತ್ರಿಯವರೆಗೆ ಸುಲಿಯುತ್ತಾರೆ. ಕಥೆ, ಹಾಡು, ಮದುವೆಯ ಮಾತು, ಜಗಳದ ರಾಜಿ ಎಲ್ಲವೂ ಅಲ್ಲಿಯೇ ನಡೆಯುತ್ತವೆ. ಯಾರೂ ಹರಟೆಗೆಂದು ಅಲ್ಲಿ ಸೇರಿದವರಲ್ಲ. ಕೆಲಸ ಸೇರಿಸಿತು, ಹರಟೆ ತಾನಾಗಿ ಹಿಂಬಾಲಿಸಿತು.

ಆದರೆ ಹಳೆಯದನ್ನು ಹೊಗಳುವ ಭರದಲ್ಲಿ ಸತ್ಯವನ್ನು ಮರೆಯಲಾಗದು. ಯಾರು ಜಗಲಿಯವರೆಗೆ, ಯಾರು ಅಂಗಳದವರೆಗೆ, ಯಾರು ಬೇಲಿಯಾಚೆಗೆ ಎಂಬುದನ್ನು ಜಾತಿಯೂ ಭೂಮಿಯ ಒಡೆತನವೂ ನಿರ್ಧರಿಸುತ್ತಿದ್ದವು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ರೈತ ಸತ್ಯಾಗ್ರಹಕ್ಕೆ ಕಿಡಿಯಾದದ್ದು ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೆಂಬುದನ್ನು ನೆನೆದರೆ, ಒಡೆಯನ ಅಂಗಳ ಎಲ್ಲರ ಅಂಗಳವಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಒಡೆಯನಿಲ್ಲದ ಅಂಗಳವೊಂದು ಅದೇ ತಾಲ್ಲೂಕಿನ ಹೆಗ್ಗೋಡಿನಲ್ಲಿ ರೂಪುಗೊಂಡಿತು. 1949ರಲ್ಲಿ ಹುಟ್ಟಿದ ನೀನಾಸಮ್, ಕೆ. ವಿ. ಸುಬ್ಬಣ್ಣನವರ ಮುಂದಾಳುತನದಲ್ಲಿ ಬೆಳೆದು, 1972ರಲ್ಲಿ ಶಿವರಾಮ ಕಾರಂತರ ಹೆಸರಿನ ರಂಗಮಂದಿರವನ್ನು ಪಡೆಯಿತು. ಅಡಿಕೆ ತೋಟಗಳ ನಡುವಣ ಹಳ್ಳಿಯಲ್ಲಿ ಜನ ಅಕ್ಕಪಕ್ಕ ಕುಳಿತು ನಾಟಕ ನೋಡಿದರು, ವಾದಿಸಿದರು, ಒಟ್ಟಿಗೆ ಉಂಡರು. ಮನೆಯ ಅಂಗಳ ಕೊಡಲಾರದಿದ್ದುದನ್ನು ಈ ಅಂಗಳ ಕೊಟ್ಟಿತು.

ಇನ್ನು ನಗರದ ಮಾತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯು ಮೆಟ್ಟಿಲು, ಮಾಳಿಗೆ, ಉದ್ಯಾನ ಮೊದಲಾದವನ್ನು ಎಲ್ಲ ಮನೆಯವರ ಅವಿಭಕ್ತ ಸ್ವತ್ತೆಂದು ಗುರುತಿಸುತ್ತದೆ. ಒಡೆತನವನ್ನು ಕಾಯಿದೆ ಕೊಡಬಲ್ಲುದು, ಒಡನಾಟವನ್ನಲ್ಲ. ಅದು ಬಹುಮಟ್ಟಿಗೆ ನಕ್ಷೆಯ ಕೆಲಸ. ಎಂಬತ್ತರ ದಶಕದಲ್ಲಿ ನವಮುಂಬಯಿಯ ಬೇಲಾಪುರದಲ್ಲಿ ಚಾರ್ಲ್ಸ್ ಕೊರಿಯಾ ಅವರು ಏಳೇಳು ಮನೆಗಳನ್ನು ಒಂದು ಪುಟ್ಟ ಅಂಗಳದ ಸುತ್ತ ಜೋಡಿಸಿದರು. ಅಂಗಳ ದಾಟದೆ ಮನೆ ಸೇರುವಂತಿಲ್ಲ. ಡೆನ್ಮಾರ್ಕಿನ ಸೆಟ್ಟೆಡಾಮೆನ್‌ನಲ್ಲಿ 1972ರಲ್ಲಿ 27 ಕುಟುಂಬಗಳು ತಮ್ಮ ತಮ್ಮ ಮನೆಗಳ ಜೊತೆಗೆ ಕೂಡಿ ಉಣ್ಣಲೊಂದು ಸಮುದಾಯ ಭವನವನ್ನೂ ಕಟ್ಟಿಕೊಂಡವು. ಪ್ರತಿ ಮನೆಗೂ ಅಡುಗೆಮನೆಯಿದ್ದುದರಿಂದ ಅಲ್ಲಿನ ಸಹಪಂಕ್ತಿ ಬಲವಂತದ್ದಾಗಲಿಲ್ಲ.

ನಮ್ಮ ನಗರಗಳ ಬಹುಮಹಡಿ ಕಟ್ಟಡಗಳಲ್ಲಿಯೂ ಸಭಾಂಗಣಗಳಿಗೆ ಕೊರತೆಯಿಲ್ಲ; ಅವುಗಳ ಬೀಗದ ಕೈ ಕಾವಲುಗಾರನ ಬಳಿ ಇರುತ್ತದೆ, ಅಷ್ಟೆ. ಈ ಮೂರು ತಾಲ್ಲೂಕುಗಳಿಂದ ಮಕ್ಕಳ ಮನೆಗೆಂದು ಬೆಂಗಳೂರಿಗೆ ಬಂದ ವೃದ್ಧರಿಗೆ ಬೇಕಾದುದು ಅಮೃತಶಿಲೆಯ ಸಭಾಂಗಣವಲ್ಲ. ಲಿಫ್ಟಿನ ಬಾಗಿಲಿನಿಂದ ಹತ್ತು ಹೆಜ್ಜೆಯೊಳಗೆ, ಮಳೆ ತಾಗದಂತೆ ಮಾಡಿರುವ, ಹೋಗಿಬರುವವರೆಲ್ಲ ಹಾದುಹೋಗುವ ಒಂದು ಕಟ್ಟೆ ಸಾಕು. ಅವರೆಕಾಯಿ ಸುಲಿಯುತ್ತ ಅಲ್ಲಿ ಕುಳಿತರೆ, ಕೆಳಗಿನ ಮನೆಯವರು ಯಾರೆಂಬುದು ವಾರದೊಳಗೆ ತಿಳಿಯುತ್ತದೆ.