ತಿರುವೈಯಾರಿನಲ್ಲಿ ಹೆಣ್ಣುದನಿ: ನಂಜನಗೂಡಿನ ನಾಗರತ್ನಮ್ಮ

ತಿರುವೈಯಾರಿನಲ್ಲಿರುವ ವಾಗ್ಗೇಯಕಾರ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು ಬೆಂಗಳೂರು ನಾಗರತ್ನಮ್ಮ. ಹೆಸರಿನಲ್ಲಿ ಬೆಂಗಳೂರಿದ್ದರೂ ಅವರು ಹುಟ್ಟಿದ್ದು ನಂಜನಗೂಡಿನಲ್ಲಿ, 1878ರ ನವೆಂಬರ್ 3ರಂದು. ತಾಯಿ ಪುಟ್ಟಲಕ್ಷ್ಮಿ ದೇವದಾಸಿ ಪರಂಪರೆಯವರು. ತಂದೆ ವಕೀಲ ಸುಬ್ಬರಾವ್. ತಂದೆ ಕೈಬಿಟ್ಟ ಮೇಲೆ ತಾಯಿಯೇ ಮಗಳನ್ನು ವಿದ್ಯೆಗೆ ಹಚ್ಚಿದರು. ಮೈಸೂರಿನಲ್ಲಿ ಗಿರಿಭಟ್ಟರ ತಮ್ಮಯ್ಯನವರ ಆಶ್ರಯದಲ್ಲಿ ಸಂಸ್ಕೃತ ಕಲಿತ ಬಾಲಕಿ, ಬೆಂಗಳೂರಿನಲ್ಲಿ ಮುನಿಸ್ವಾಮಪ್ಪನವರಿಂದ ಸಂಗೀತ ಕಲಿತಳು. ಅವರದು ತ್ಯಾಗರಾಜರ ಶಿಷ್ಯ ವಾಲಾಜಾಪೇಟೆ ವೆಂಕಟರಮಣ ಭಾಗವತರ ಪರಂಪರೆ. ನಾಗರತ್ನಮ್ಮನವರ ಮುಂದಿನ ಬದುಕಿಗೆ ದಾರಿಯಾದದ್ದು ಈ ಪಾಠವೇ.

ಹದಿಹರೆಯದಲ್ಲೇ ತಾಯಿಯನ್ನು ಕಳೆದುಕೊಂಡ ನಾಗರತ್ನಮ್ಮ ಕಚೇರಿಗಳಿಂದ ಹೆಸರು ಮಾಡಿ, ಮದರಾಸಿನಲ್ಲಿ ನೆಲೆಸಿದರು. ಅವರ ಗಾಯನ ಗ್ರಾಮಫೋನ್ ತಟ್ಟೆಗಳಲ್ಲೂ ಮುದ್ರಣಗೊಂಡಿತು. ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ತೆಲುಗು ಶೃಂಗಾರಕಾವ್ಯ ‘ರಾಧಿಕಾ ಸಾಂತ್ವನಮು’ವನ್ನು 1910ರಲ್ಲಿ ಪೂರ್ಣವಾಗಿ ಪ್ರಕಟಿಸಿದವರೂ ಅವರೇ. ಗಂಡಸು ಬರೆದರೆ ಕಾವ್ಯವೆನಿಸುವ ಶೃಂಗಾರ ಹೆಣ್ಣು ಬರೆದರೆ ಅಶ್ಲೀಲವಾಗುವುದು ಹೇಗೆಂಬುದು ಅವರ ವಾದವಾಗಿತ್ತು. ಆದರೂ ಬ್ರಿಟಿಷ್ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. 1947ರಲ್ಲಿ ಮದರಾಸು ಪ್ರಾಂತ್ಯದ ಪ್ರಧಾನಿ ಟಂಗುಟೂರಿ ಪ್ರಕಾಶಂ ಆ ನಿಷೇಧವನ್ನು ತೆರವುಗೊಳಿಸಿದರು.

ತಿರುವೈಯಾರಿನ ಸಮಾಧಿ ಪಾಳುಬಿದ್ದಿರುವ ಸುದ್ದಿಯನ್ನು 1921ರಲ್ಲಿ ಅವರಿಗೆ ಪತ್ರ ಬರೆದು ತಿಳಿಸಿದವರು ಮೈಸೂರಿನ ಸಂಗೀತ ವಿದ್ವಾಂಸ ಬಿಡಾರಂ ಕೃಷ್ಣಪ್ಪ. ನಾಗರತ್ನಮ್ಮ ಕೂಡಲೇ ಕೆಲಸಕ್ಕೆ ಕೈಹಾಕಿದರು. ಆ ಜಾಗ ಪಡೆದು, ಸಂಪಾದನೆಯನ್ನೆಲ್ಲ ಸುರಿದು ಕಟ್ಟಿಸಿದ ಗುಡಿಗೆ 1925ರ ಜನವರಿ 7ರಂದು ಕುಂಭಾಭಿಷೇಕ ನಡೆಯಿತು.

ಆದರೆ ತ್ಯಾಗರಾಜರ ಪುಣ್ಯತಿಥಿಗೆ ಅಲ್ಲಿ ನಡೆಯುತ್ತಿದ್ದ ಆರಾಧನೆಯಲ್ಲಿ ಹೆಂಗಸರಿಗೆ ಹಾಡಲು ಅವಕಾಶವಿರಲಿಲ್ಲ. ಗುಡಿ ಕಟ್ಟಿಸಿದವರಿಗೇ ವೇದಿಕೆ ಇಲ್ಲದ ಈ ಅನ್ಯಾಯಕ್ಕೆ ಅವರು ತಲೆಬಾಗಲಿಲ್ಲ. ಗುಡಿಯ ಹಿಂಬದಿಯಲ್ಲಿ ಹೆಂಗಸರದೇ ಪ್ರತ್ಯೇಕ ಆರಾಧನೆ ಆರಂಭಿಸಿದರು. ಜನ ಅದನ್ನು ‘ಪೆಣ್ಗಳ್ ಕಚ್ಚಿ’, ಅಂದರೆ ಹೆಂಗಸರ ಬಣ, ಎಂದು ಕರೆದರು. 1940-41ರ ಹೊತ್ತಿಗೆ ಗಂಡಸರ ಬಣಗಳೂ ಹೆಂಗಸರ ಬಣವೂ ಒಂದಾದಾಗ ಹೆಂಗಸರ ಗಾಯನಕ್ಕೂ ಮುಖ್ಯ ಉತ್ಸವದಲ್ಲಿ ಸ್ಥಾನ ದೊರೆಯಿತು.

ತಿರುವೈಯಾರಿನಲ್ಲೇ ಕೊನೆಯ ದಿನಗಳನ್ನು ಕಳೆದ ನಾಗರತ್ನಮ್ಮ ಆಸ್ತಿಯನ್ನು ಸಮಾಧಿಯ ಸೇವೆಗೆ ಬರೆದಿಟ್ಟು, 1952ರ ಮೇ 19ರಂದು ತೀರಿಕೊಂಡರು. ತ್ಯಾಗರಾಜರ ಗುಡಿಯ ಎದುರಿಗೇ ಅವರ ಸ್ಮಾರಕವಿದೆ. ಪ್ರತಿವರ್ಷ ತ್ಯಾಗರಾಜರ ಪುಣ್ಯತಿಥಿಯಾದ ಪುಷ್ಯ ಬಹುಳ ಪಂಚಮಿಯಂದು ಅವರ ಪಂಚರತ್ನ ಕೃತಿಗಳನ್ನು ಇಂದು ಗಂಡಸರೂ ಹೆಂಗಸರೂ ಒಂದೇ ಗೋಷ್ಠಿಯಲ್ಲಿ ಹಾಡುತ್ತಾರೆ.