ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ

ಶ್ರೀರಂಗಪಟ್ಟಣದ ಪಕ್ಕದಲ್ಲಿರುವ ಕಿರಂಗೂರಿನ ಶಾಲೆಯ ಹುಡುಗನೊಬ್ಬನನ್ನು ನಿಲ್ಲಿಸಿ, "ಮಗು, ನೀನು ಕನ್ನಡ ಕಲಿಯುವುದಕ್ಕೆ ಯಾರ ಅಪ್ಪಣೆ ಪಡೆದೆ?" ಎಂದು ಕೇಳಿದರೆ ಅವನಿಗೆ ಆ ಪ್ರಶ್ನೆಯೇ ಅರ್ಥವಾಗಲಾರದು. ದಸರಾ ಬಂದಾಗ ಅವನ ಊರಿನ ಬನ್ನಿ ಮಂಟಪದಿಂದಲೇ ಮೆರವಣಿಗೆ ಹೊರಡುತ್ತದೆ. ಬಸ್ಸಿನ ಫಲಕ, ಅಂಗಡಿಯ ಫಲಕ, ಶಾಲೆಯ ಫಲಕ ಎಲ್ಲವೂ ಅವನು ಓದಬಲ್ಲ ಅಕ್ಷರಗಳಲ್ಲಿವೆ. ಅವನ ಮುತ್ತಾತನ ಕಾಲದಲ್ಲಿಯೂ ಈ ಮಾತು ಬಹುಮಟ್ಟಿಗೆ ನಿಜವಾಗಿತ್ತು. ಮೈಸೂರು ಸಂಸ್ಥಾನದಲ್ಲಿ ಬಡತನವಿತ್ತು, ಶಾಲೆಗಳು ಸಾಲದಾಗಿದ್ದವು; ಆದರೆ ಇದ್ದ ಶಾಲೆಯಲ್ಲಿ ಮಕ್ಕಳು ಕನ್ನಡದಲ್ಲಿ ಮಗ್ಗಿ ಹೇಳುತ್ತಿದ್ದರು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು.

ಈಗ ಕರ್ನಾಟಕದ ಭೂಪಟವೊಂದನ್ನು ತೆರೆದಿಟ್ಟುಕೊಳ್ಳಿ. ಕಿರಂಗೂರಿನಿಂದ ಬೆರಳನ್ನು ಉತ್ತರಕ್ಕೆ ಸರಿಸುತ್ತ ತುಂಗಭದ್ರೆಯನ್ನು ದಾಟಿ, ರಾಯಚೂರು, ಕಲಬುರಗಿ, ಕೊನೆಗೆ ಬೀದರ್ ತನಕ ಹೋಗಿ. ಏಳೆಂಟು ನೂರು ಕಿಲೋಮೀಟರುಗಳ ದಾರಿ. ಅಲ್ಲಿಯ ಹಳ್ಳಿಗಳಲ್ಲಿಯೂ ತಾಯಂದಿರು ಕನ್ನಡದಲ್ಲಿಯೇ ಜೋಗುಳ ಹಾಡುತ್ತಿದ್ದರು. ಆದರೆ 1948ರ ತನಕ ಈ ಮೂರು ಜಿಲ್ಲೆಗಳು ಹೈದರಾಬಾದಿನ ನಿಜಾಮರ ಸಂಸ್ಥಾನಕ್ಕೆ ಸೇರಿದ್ದವು. ಅಲ್ಲಿ ಮಗು ಮನೆಯ ಹೊಸ್ತಿಲು ದಾಟಿ ಶಾಲೆಯ ಹೊಸ್ತಿಲು ತುಳಿದರೆ ಭಾಷೆಯೇ ಬೇರೆಯಾಗುತ್ತಿತ್ತು. ಗಣಿತವು 'ಹಿಸಾಬ್' ಆಗುತ್ತಿತ್ತು, ಇತಿಹಾಸವು 'ತಾರೀಖ್', ಭೂಗೋಳವು 'ಜುಗ್ರಾಫಿಯಾ'. ಬರವಣಿಗೆ ಬಲದಿಂದ ಎಡಕ್ಕೆ ಸಾಗುತ್ತಿತ್ತು.

ನಿಜಾಮರ ಸಂಸ್ಥಾನದ ಜನರಲ್ಲಿ ಸುಮಾರು ಅರ್ಧದಷ್ಟು ತೆಲುಗರು, ಕಾಲು ಭಾಗದಷ್ಟು ಮರಾಠಿ ಮಾತನಾಡುವವರು. ಕನ್ನಡಿಗರು ನೂರಕ್ಕೆ ಹತ್ತು ಹನ್ನೆರಡು ಮಂದಿ. ಉರ್ದು ಮನೆಮಾತಾಗಿದ್ದವರೂ ಹೆಚ್ಚು ಕಡಿಮೆ ಅಷ್ಟೇ. ಹಾಗಿದ್ದೂ 1880ರ ದಶಕದಲ್ಲಿ ಪಾರಸಿಯ ಬದಲು ಉರ್ದು ಆಡಳಿತ ಭಾಷೆಯಾಯಿತು. ಕಚೇರಿಯ ಭಾಷೆ ಯಾವುದೋ ಅದೇ ನೌಕರಿಯ ಭಾಷೆ, ನೌಕರಿಯ ಭಾಷೆಯೇ ಶಾಲೆಯ ಭಾಷೆ. ಕೆಳಗಿನ ತರಗತಿಗಳಲ್ಲಿ ಮಾತೃಭಾಷೆಗೆ ಕಾಗದದ ಮೇಲೆ ಎಡೆಯಿತ್ತು. ಮೇಲಕ್ಕೆ ಹೋದಂತೆ ಎಲ್ಲವೂ ಉರ್ದು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದಲ್ಲಿ ವಿಜ್ಞಾನವನ್ನೂ ಉರ್ದುವಿನಲ್ಲಿ ಬೋಧಿಸುತ್ತಿದ್ದರು. ಇದಕ್ಕಾಗಿಯೇ ಭಾಷಾಂತರ ವಿಭಾಗವೊಂದು ಗ್ರಂಥಗಳನ್ನು ಅನುವಾದಿಸುತ್ತಿತ್ತು. ಇಂಗ್ಲಿಷಿನ ಬದಲು ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡಬಹುದೆಂದು ತೋರಿಸಿದ್ದು ಸಣ್ಣ ಸಾಧನೆಯಲ್ಲ, ಅದನ್ನು ಒಪ್ಪಲೇಬೇಕು. ಆದರೆ ಆ ಭಾರತೀಯ ಭಾಷೆ ಸಂಸ್ಥಾನದ ಹತ್ತು ಮಂದಿಯಲ್ಲಿ ಒಂಬತ್ತು ಮಂದಿಯದಾಗಿರಲಿಲ್ಲ ಎಂಬುದೇ ತೊಡಕು.

ಸರ್ಕಾರಿ ಶಾಲೆ ಬೇಡವಾದರೆ ಊರವರೇ ಸೇರಿ ಕನ್ನಡ ಶಾಲೆ ತೆರೆಯಬಹುದಿತ್ತಲ್ಲ, ಎಂದು ನೀವು ಕೇಳಬಹುದು. ಆ ದಾರಿಗೂ ತಡೆ ಬಿತ್ತು. 1924ರ ಖಾಸಗಿ ಶಾಲೆಗಳ ನಿಯಮದ ಪ್ರಕಾರ ಮೊದಲು ಸರ್ಕಾರದ ಅನುಮತಿ ಪಡೆಯಬೇಕು. ಅರ್ಜಿ ಹಾಕಿದವರು ಕಾಯಬೇಕು. ಕಾದವರಿಗೆಲ್ಲ ಅನುಮತಿ ಸಿಗುತ್ತದೆಂಬ ಭರವಸೆಯಿಲ್ಲ. ಅದೇ ದಶಕದ 'ಗಸ್ತಿ ನಿಶಾನ್ 53' ಎಂಬ ಸುತ್ತೋಲೆ ಸಭೆ ಸಮಾರಂಭಗಳಿಗೂ ಮುಂಚಿತವಾಗಿ ಅಪ್ಪಣೆ ಬೇಕೆಂದು ವಿಧಿಸಿತು. ಶಾಲೆ ಮುಚ್ಚಿರೆಂದು ಯಾರೂ ಡಂಗುರ ಸಾರಲಿಲ್ಲ ಎಂಬುದನ್ನು ಗಮನಿಸಿ. ಅನುಮತಿಯ ಕಾಗದವೊಂದು ಬಾರದಿದ್ದರೆ ಸಾಕಿತ್ತು.

ಇದೇ ಕಾಲದಲ್ಲಿ, ಬೀದರ್ ಜಿಲ್ಲೆಯ ಭಾಲ್ಕಿಯ ಹಿರೇಮಠಕ್ಕೆ ಚನ್ನಬಸವ ಪಟ್ಟದ್ದೇವರು ಎಂಬ ಸ್ವಾಮಿಗಳು ಮಠಾಧಿಪತಿಗಳಾಗಿ ಬಂದರು. ಅವರು ಹುಟ್ಟಿದ್ದು ಅದೇ ಜಿಲ್ಲೆಯ ಕಮಲನಗರದಲ್ಲಿ. ಅಲ್ಲಿಂದ ಮರಾಠಿ ಸೀಮೆ ಕೂಗಳತೆಯ ದೂರ. ಪೇಟೆಯಲ್ಲಿ ಮರಾಠಿ, ಕಚೇರಿಯಲ್ಲಿ ಉರ್ದು, ಪಕ್ಕದ ಸೀಮೆಯಲ್ಲಿ ತೆಲುಗು. ನಡುವೆ ಸಿಕ್ಕಿದ ಕನ್ನಡ ಮನೆಯೊಳಗಿನ ಮಾತಾಗಿ ಮಾತ್ರ ಉಳಿದಿತ್ತು. ಮನೆಯಲ್ಲಿ ಕನ್ನಡ ಮಾತನಾಡುವವನೇ ಕನ್ನಡ ಓದಲಾರದವನಾಗಿದ್ದ. ವಚನಕಾರರ ಕರ್ಮಭೂಮಿಯಾದ ಬಸವಕಲ್ಯಾಣ ಇದೇ ಜಿಲ್ಲೆಯಲ್ಲಿದೆ. ಅಲ್ಲಿಯ ಮಕ್ಕಳಿಗೆ ವಚನದ ಅಕ್ಷರ ತಿಳಿಯದೆಂದರೆ ಮಠದ ಸ್ವಾಮಿಗಳಿಗೆ ಎಷ್ಟು ಸಂಕಟವಾಗಿರಬೇಕು, ಊಹಿಸಿಕೊಳ್ಳಿ.

ಪಟ್ಟದ್ದೇವರು ಕಂಡುಕೊಂಡ ಉಪಾಯ ಬೀದರ್ ಸೀಮೆಯಲ್ಲಿ ಈಗಲೂ ಮನೆಮಾತಾಗಿದೆ. ಶಾಲೆಯ ಹೊರಗೆ ಉರ್ದು ಫಲಕ ಹಾಕಿಸಿದರು, ಒಳಗೆ ಕನ್ನಡ ಕಲಿಸಿದರು. ಅಷ್ಟೇ! ಕೇಳುವುದಕ್ಕೆ ನಗು ಬರುವಷ್ಟು ಸರಳ. ಆದರೆ ಇದು ಹೇಗೆ ಸಾಧ್ಯವಾಯಿತೆಂದು ಸ್ವಲ್ಪ ಯೋಚಿಸಿ. ಅಧಿಕಾರ ನೋಡುವುದು ಫಲಕವನ್ನು, ಅರ್ಜಿಯನ್ನು, ದಫ್ತರವನ್ನು. ಮಗು ನೋಡುವುದು ಕರಿಹಲಗೆಯನ್ನು. ಈ ಎರಡರ ನಡುವೆ ಇರುವ ನಾಲ್ಕು ಗೋಡೆಯ ಅಂತರದಲ್ಲಿ ಒಂದು ಭಾಷೆ ಬದುಕಬಲ್ಲದು. ಆದರೆ ಅದಕ್ಕೆ ಊರೆಲ್ಲ ಸಹಕರಿಸಬೇಕು. ಒಳಗೆ ಏನು ನಡೆಯುತ್ತಿದೆಯೆಂದು ತಂದೆತಾಯಿಯರಿಗೆ ಗೊತ್ತು, ನೆರೆಹೊರೆಯವರಿಗೆ ಗೊತ್ತು, ಪಾಠ ಕಲಿಯುವ ಮಕ್ಕಳಿಗಂತೂ ಗೊತ್ತೇ ಗೊತ್ತು. ಯಾರಾದರೊಬ್ಬರು ಬಾಯಿಬಿಟ್ಟರೆ ಶಾಲೆ ಮುಗಿದಂತೆ.

ಇಂಥ ಕೆಲಸಕ್ಕೆ ಮಠವೇ ತಕ್ಕ ಸ್ಥಳವಾದದ್ದಕ್ಕೂ ಕಾರಣವಿದೆ. ಮಠಕ್ಕೆ ಮಕ್ಕಳು ಬಂದುಹೋಗುವುದು ಹೊಸತಲ್ಲ. ದಾಸೋಹವಿದ್ದಲ್ಲಿ ಊಟದ ಚಿಂತೆಯಿಲ್ಲ. ಪುರಾಣ ಪ್ರವಚನದ ಹೆಸರಿನಲ್ಲಿ ಓದು ನಡೆಯಬಹುದು. ಸರ್ಕಾರದ ಅನುದಾನವಿಲ್ಲದೆ ಶಿಕ್ಷಕರನ್ನು ಸಾಕಬಲ್ಲ ಶಕ್ತಿ ಹಳ್ಳಿಗಾಡಿನಲ್ಲಿ ಇನ್ನಾವ ಸಂಸ್ಥೆಗಿತ್ತು? ಪಟ್ಟದ್ದೇವರು ಕಟ್ಟಿದ ಶಾಂತಿವರ್ಧಕ ಶಿಕ್ಷಣ ಸಂಸ್ಥೆ ಮುಂದೆ ಆ ಗಡಿಭಾಗದಲ್ಲಿ ಅನೇಕ ಶಾಲೆಗಳನ್ನು ನಡೆಸಿತು. ಶತಾಯುಷಿಗಳಾಗಿದ್ದ ಅವರು 1999ರಲ್ಲಿ ಲಿಂಗೈಕ್ಯರಾದರು.

ಮಠವಿಲ್ಲದ ಕಡೆ ಮನೆಯೇ ಶಾಲೆಯಾಯಿತು. ಕವಿ ಸಿದ್ಧಯ್ಯ ಪುರಾಣಿಕರು 1918ರಲ್ಲಿ, ಇಂದಿನ ಕೊಪ್ಪಳ ಜಿಲ್ಲೆಗೆ ಸೇರಿದ ದ್ಯಾಂಪುರದಲ್ಲಿ ಹುಟ್ಟಿದರು. ತಂದೆ ಕಲ್ಲಿನಾಥ ಶಾಸ್ತ್ರಿಗಳು ಪುರಾಣ ಹೇಳುವ ವಿದ್ವಾಂಸರು. ಮಗನಿಗೆ ಕಾವ್ಯದ ರುಚಿ ಹತ್ತಿದ್ದು ಮನೆಯಲ್ಲಿ. ಪದವಿ ಸಿಕ್ಕಿದ್ದು ಉಸ್ಮಾನಿಯಾದಲ್ಲಿ. ಅಲ್ಲಿ ಕನ್ನಡವನ್ನು ಒಂದು ವಿಷಯವಾಗಿ ಕಲಿಸುತ್ತಿದ್ದ ಡಿ. ಕೆ. ಭೀಮಸೇನರಾಯರಂಥವರೂ ಇದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ ಎಂಬುದಕ್ಕೆ ಇನ್ನೊಂದು ನಿದರ್ಶನ ಕೊಡುತ್ತೇನೆ. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಹೆಸರನ್ನು ಹೊತ್ತ ಬಿ. ಎಂ. ಶ್ರೀಕಂಠಯ್ಯನವರು ನಿಮಗೆ ಗೊತ್ತು. 1928ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಕಲಬುರಗಿಯಲ್ಲಿ, ಅಂದರೆ ನಿಜಾಮರ ಸೀಮೆಯಲ್ಲಿಯೇ ನಡೆಯಿತು, ಬಿ. ಎಂ. ಶ್ರೀ. ಅವರೇ ಅಧ್ಯಕ್ಷರು. 1934ರಲ್ಲಿ ರಾಯಚೂರಿನ ಸಮ್ಮೇಳನಕ್ಕೆ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ಮೂರು ದಿನದ ಸಮ್ಮೇಳನಕ್ಕೆ ಅಪ್ಪಣೆ ಸಿಗುತ್ತಿತ್ತು, ವರ್ಷವಿಡೀ ನಡೆಯಬೇಕಾದ ಕನ್ನಡ ಶಾಲೆಗೆ ಸಿಗುವುದು ಕಷ್ಟವಾಗಿತ್ತು. ಇದರಲ್ಲಿ ಆಶ್ಚರ್ಯವಿಲ್ಲ. ಸಮ್ಮೇಳನ ಮುಗಿದ ಮೇಲೆ ಚಪ್ಪರ ಬಿಚ್ಚುತ್ತಾರೆ. ಶಾಲೆಯಲ್ಲಿ ಕಲಿತದ್ದನ್ನು ಬಿಚ್ಚುವಂತಿಲ್ಲ.

ಇಂಥದೇ ಸಂಗತಿ, ಇದಕ್ಕಿಂತ ಬಹಳ ಭಯಂಕರ ರೂಪದಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಯೂರೋಪಿನ ಪೋಲೆಂಡಿನಲ್ಲಿ ನಡೆಯಿತು. 1939ರ ಸೆಪ್ಟೆಂಬರ್ 1ರಂದು ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ನವೆಂಬರ್ 6ರಂದು ಕ್ರಾಕೋವ್ ನಗರದ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರನ್ನು ಭಾಷಣ ಕೇಳುವುದಕ್ಕೆಂದು ಕರೆಸಿ, ಅಲ್ಲಿಂದಲೇ ಬಂಧಿಸಿ ಒಯ್ದರು. ಆ ದಿನ ಸೆರೆಯಾದವರು 183 ಮಂದಿ. ಅವರಲ್ಲಿ ಬಹುಪಾಲು ಮಂದಿಯನ್ನು ಜರ್ಮನಿಯ ಸಾಕ್ಸೆನ್‌ಹೌಸೆನ್ ಯಾತನಾ ಶಿಬಿರಕ್ಕೆ ಕಳಿಸಿದರು. ವಿಶ್ವವಿದ್ಯಾನಿಲಯಗಳನ್ನೂ ಪ್ರೌಢಶಾಲೆಗಳನ್ನೂ ಮುಚ್ಚಿದರು. ಪೋಲಿಷ್ ಮಕ್ಕಳಿಗೆ ನಾಲ್ಕು ತರಗತಿ ಸಾಕು; ಐನೂರರ ತನಕ ಎಣಿಸಲು, ತಮ್ಮ ಹೆಸರು ಬರೆಯಲು ಬಂದರೆ ಸಾಕು; ಓದು ಅಗತ್ಯವಿಲ್ಲ ಎಂಬುದು 1940ರಲ್ಲಿ ನಾಜಿ ನಾಯಕ ಹಿಮ್ಲರ್ ಬರೆದ ಟಿಪ್ಪಣಿಯ ಸಾರ. ಪೋಲೆಂಡಿನ ಹೆಮ್ಮೆಯ ಸಂಗೀತಗಾರ ಶೋಪಾನ್‌ನ ಪ್ರತಿಮೆಯನ್ನೂ ವಾರ್ಸಾದಲ್ಲಿ ಸಿಡಿಸಿ ಉರುಳಿಸಿದರು.

ಪೋಲಿಷ್ ಶಿಕ್ಷಕರು 1939ರಲ್ಲಿಯೇ ಗುಪ್ತ ಸಂಘವೊಂದನ್ನು ಕಟ್ಟಿದರು. ಐದಾರು ಮಕ್ಕಳ ಪುಟ್ಟ ಗುಂಪುಗಳು, ಇವತ್ತು ಒಬ್ಬರ ಮನೆಯಲ್ಲಿ, ನಾಳೆ ಇನ್ನೊಬ್ಬರ ಮನೆಯಲ್ಲಿ. ಕಸಬು ಕಲಿಸುವ ಶಾಲೆಗಳಿಗೆ ಜರ್ಮನರ ಒಪ್ಪಿಗೆಯಿತ್ತು. ಆದ್ದರಿಂದ ಹೆಸರಿಗೆ ಅಂಥ ಶಾಲೆ, ಒಳಗೆ ಇತಿಹಾಸ ಮತ್ತು ಸಾಹಿತ್ಯದ ಪಾಠ. ಭಾಲ್ಕಿಯ ಉರ್ದು ಫಲಕ ನೆನಪಾಯಿತೇ? ಒಬ್ಬರನ್ನೊಬ್ಬರು ಕಂಡಿರದ, ಕೇಳಿರದ ಎರಡು ಜನಸಮುದಾಯಗಳು ಒಂದೇ ಉಪಾಯವನ್ನು ಕಂಡುಕೊಂಡವು. 1944ರ ವೇಳೆಗೆ ಸುಮಾರು ಒಂದು ಲಕ್ಷ ಮಕ್ಕಳು ಪ್ರೌಢಶಾಲೆಯ ಪಾಠವನ್ನು ಹೀಗೆ ಗುಟ್ಟಾಗಿ ಕಲಿಯುತ್ತಿದ್ದರು. ಕ್ರಾಕೋವ್‌ನಲ್ಲಿ ಗುಪ್ತವಾಗಿ ಓದಿದವರಲ್ಲಿ ಒಬ್ಬನಾದ ಕರೋಲ್ ವೊಯ್ತಿವಾ 1978ರಲ್ಲಿ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಿಂದ ಪೋಪ್ ಆದರು.

ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸಬೇಕು. ವಾರ್ಸಾದಲ್ಲಿ ಪಾಠ ಹೇಳಿ ಸಿಕ್ಕಿಬಿದ್ದ ಶಿಕ್ಷಕನಿಗೆ ಯಾತನಾ ಶಿಬಿರ ಅಥವಾ ಸಾವು ಕಾದಿತ್ತು. ಬೀದರಿನಲ್ಲಿ ಕನ್ನಡ ಕಲಿಸಿದ ಮಾತ್ರಕ್ಕೆ ಅಂಥ ಶಿಕ್ಷೆಯಿರಲಿಲ್ಲ. ನಾಜಿಗಳಿಗೆ ಒಂದು ಜನಾಂಗವನ್ನೇ ಆಳುಗಳನ್ನಾಗಿ ಮಾಡುವ ಉದ್ದೇಶವಿತ್ತು. ನಿಜಾಮರ ಆಡಳಿತಕ್ಕೆ ಕನ್ನಡದ ಬಗ್ಗೆ ಇದ್ದದ್ದು ಹೆಚ್ಚಾಗಿ ಉದಾಸೀನ, ಜೊತೆಗೆ ಜನ ಗುಂಪು ಕಟ್ಟಿದರೆ ರಾಜಕೀಯ ಹುಟ್ಟೀತೆಂಬ ಶಂಕೆ. ಆ ಶಂಕೆ ಸುಳ್ಳೂ ಅಲ್ಲ. 1938ರಲ್ಲಿ ಉಸ್ಮಾನಿಯಾದ ವಿದ್ಯಾರ್ಥಿಗಳು ನಿಷೇಧವನ್ನು ಮೀರಿ ವಂದೇ ಮಾತರಂ ಹಾಡಿದರು. ಚಳವಳಿ ಕಲಬುರಗಿಯ ಇಂಟರ್‌ಮೀಡಿಯೆಟ್ ಕಾಲೇಜಿಗೂ ಹಬ್ಬಿತು. ಹೊರದೂಡಲ್ಪಟ್ಟ ಅನೇಕ ವಿದ್ಯಾರ್ಥಿಗಳಿಗೆ ನಾಗಪುರ ವಿಶ್ವವಿದ್ಯಾನಿಲಯ ಜಾಗ ಕೊಟ್ಟಿತು. ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ಮದ್ದೂರಿನ ಶಿವಪುರದಲ್ಲಿ ನಿಷೇಧಾಜ್ಞೆಯ ನಡುವೆ ರಾಷ್ಟ್ರಧ್ವಜವನ್ನು ಏರಿಸಲಾಗಿತ್ತು. ಮೈಸೂರು ಸೀಮೆಯಲ್ಲಿ ಕನ್ನಡಕ್ಕೆ ಅಡ್ಡಿಯಿರಲಿಲ್ಲ, ಧ್ವಜಕ್ಕೆ ಇತ್ತು.

1948ರ ಸೆಪ್ಟೆಂಬರ್ 17ರಂದು ಹೈದರಾಬಾದಿನ ಸೈನ್ಯ ಭಾರತಕ್ಕೆ ಶರಣಾಯಿತು. 1956ರ ನವೆಂಬರ್ 1ರಂದು ಮೂರು ಜಿಲ್ಲೆಗಳ ಕನ್ನಡ ಭಾಗಗಳು ನಮ್ಮೊಡನೆ ಸೇರಿದವು. ಆಗ ಅಲ್ಲಿಯ ತರುಣರಿಗೆ ಹೊಸ ತೊಡಕೊಂದು ಎದುರಾಯಿತು. ಉರ್ದುವಿನಲ್ಲಿ ಕಲಿತು ಪದವಿ ಪಡೆದವರು ಒಮ್ಮೆಗೇ ಕನ್ನಡ ಮತ್ತು ಇಂಗ್ಲಿಷಿನ ಕಚೇರಿಗಳಿಗೆ ಬಂದರು. ಎರಡು ಮೂರು ತಲೆಮಾರು ಹಿಂದೆ ಬಿದ್ದ ಓದನ್ನು ಸರಿದೂಗಿಸುವುದು ಸುಲಭವಾಗಲಿಲ್ಲ. ಆ ಭಾಗದ ಜನರಿಗೆ ಶಿಕ್ಷಣ ಮತ್ತು ನೌಕರಿಯಲ್ಲಿ ಮೀಸಲು ಕೊಡುವ 371-ಜೆ ವಿಧಿ ಸಂವಿಧಾನಕ್ಕೆ ಸೇರಿದ್ದು ಐದು ದಶಕಗಳ ಮೇಲೆ, 2012ರ ತಿದ್ದುಪಡಿಯಲ್ಲಿ. ಇಂದು ಅದನ್ನು ಕಲ್ಯಾಣ ಕರ್ನಾಟಕವೆಂದು ಕರೆಯುತ್ತೇವೆ.

ಇಷ್ಟೆಲ್ಲ ಓದಿ ಉರ್ದುವಿನ ಮೇಲೆ ನಿಮಗೆ ಸಿಟ್ಟು ಬಂದಿದ್ದರೆ ತಡೆಯಿರಿ. ಅರ್ಜಿ, ಜಮೀನು, ತಹಸೀಲ್ದಾರ್, ರಾಜೀನಾಮೆ ಎಂಬ ಮಾತುಗಳನ್ನು ಮಂಡ್ಯದ ರೈತರೂ ದಿನವೂ ಬಳಸುತ್ತಾರೆ. ತೊಂದರೆ ಕೊಟ್ಟದ್ದು ಉರ್ದು ಕಲಿತದ್ದಲ್ಲ, ಕನ್ನಡ ಕಲಿಯಲು ಬಿಡದೆ ಇದ್ದದ್ದು. ರಾಯಚೂರಿನಲ್ಲಿ ಪಂಡಿತ ತಾರಾನಾಥರು 1920ರಲ್ಲಿ ತೆರೆದ ರಾಷ್ಟ್ರೀಯ ಶಾಲೆಗೆ ಇಟ್ಟ ಹೆಸರು 'ಹಮ್‌ದರ್ದ್'. ಇನ್ನೊಬ್ಬರ ನೋವಿನಲ್ಲಿ ಪಾಲುಗೊಳ್ಳುವವನು ಎಂಬರ್ಥದ ಉರ್ದು ಮಾತು ಅದು. ಉರ್ದು ಬಲ್ಲ ಕನ್ನಡಿಗರಿಂದಲೇ ಗಜಲ್ ಎಂಬ ಕಾವ್ಯಪ್ರಕಾರ ನಮ್ಮ ಭಾಷೆಗೆ ಬಂದು ಬೇರೂರಿತು. ಆ ಕೆಲಸ ಮಾಡಿದವರಲ್ಲಿ ಮೊದಲಿಗರಾದ ಶಾಂತರಸರು 1924ರಲ್ಲಿ ರಾಯಚೂರು ಜಿಲ್ಲೆಯ ಹೆಂಬೆರಾಳದಲ್ಲಿ ಹುಟ್ಟಿದವರು. 1987ರಲ್ಲಿ ಕಲಬುರಗಿಯಲ್ಲಿ ಮತ್ತೆ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆಗೆ ಮೈಸೂರಿನ ಕಡೆಯವರನ್ನು ಕರೆಸಬೇಕಾಗಲಿಲ್ಲ. ದ್ಯಾಂಪುರದ ಸಿದ್ಧಯ್ಯ ಪುರಾಣಿಕರಿದ್ದರು. 2006ರಲ್ಲಿ ಸಮ್ಮೇಳನ ಬೀದರಿಗೇ ಹೋಯಿತು. ಅಂದಿನ ಅಧ್ಯಕ್ಷರು ಶಾಂತರಸರು.