ಉಣ್ಣೆಯೊಳಗಿನ ಗಾಳಿ

ಮಾಘಮಾಸದ ಮುಂಜಾವಿನಲ್ಲಿ ತಿರುಮಕೂಡಲಿನ ಹೊಳೆದಂಡೆಯನ್ನು ನೀವು ನೋಡಿರಬಹುದು. 1989ರಲ್ಲಿ ಅಲ್ಲಿ ಮೊದಲಾದ ಕುಂಭಮೇಳಕ್ಕೆಂದು ಬಂದವರು ಕೆಲವರು ಮರಳಿನ ಮೇಲೆಯೇ ಮಲಗುತ್ತಾರೆ. ಹತ್ತಿಯ ದುಪ್ಪಟಿ ಹೊದ್ದವರು ಇಬ್ಬನಿಗೆ ನೆನೆದು ನಡುಗುತ್ತಿರುವಾಗ, ಪಕ್ಕದಲ್ಲಿಯೇ ಕರಿಯ ಕಂಬಳಿ ಹೊದ್ದ ಮುದುಕ ಸುಖವಾಗಿ ಗೊರಕೆ ಹೊಡೆಯುತ್ತಿರುತ್ತಾನೆ. ಕಂಬಳಿಯೊಳಗೆ ಬೆಂಕಿಯೇನಾದರೂ ಉಂಟೆ?

ಇಲ್ಲ. ಎರಡು ಚೊಂಬುಗಳಿಗೆ ಬಿಸಿನೀರು ತುಂಬಿ, ಒಂದಕ್ಕೆ ಕಂಬಳಿಯನ್ನು ಸುತ್ತಿ, ಇನ್ನೊಂದನ್ನು ಹಾಗೆಯೇ ಇಡಿ. ಕಂಬಳಿಯದು ಬಹಳ ಹೊತ್ತು ಬಿಸಿಯಾಗಿರುತ್ತದೆ. ಅದೇ ಕಂಬಳಿಯನ್ನು ಮಂಜುಗಡ್ಡೆಗೆ ಸುತ್ತಿದರೆ ಅದು ತಡವಾಗಿ ಕರಗುತ್ತದೆ. ಅಂದಮೇಲೆ ಕಂಬಳಿ ಶಾಖವನ್ನು ಕೊಡುವುದಿಲ್ಲ. ಶಾಖದ ಹೋಗುಬರವನ್ನು ತಡೆಯುತ್ತದೆ, ಅಷ್ಟೆ.

ತಡೆಯುವುದಾದರೂ ಯಾವುದು? ಗಾಳಿ. ಉಣ್ಣೆಯ ಎಳೆ ಸುರುಳಿಸುರುಳಿಯಾಗಿದೆ. ಎಳೆಗಳ ನಡುವೆ ಗಾಳಿ ಅಲುಗಾಡದೆ ಸಿಕ್ಕಿಕೊಳ್ಳುತ್ತದೆ. ನಿಂತ ಗಾಳಿ ಶಾಖವನ್ನು ಸುಲಭವಾಗಿ ದಾಟಿಸದು. ಉಣ್ಣೆಯ ಇನ್ನೊಂದು ಗುಣವೆಂದರೆ, ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿದರೂ ಕೈಗೆ ಒದ್ದೆಯೆನಿಸದು. ಹೀರುವಾಗ ತುಸು ಶಾಖವನ್ನೂ ಬಿಡುತ್ತದೆ. ಮುದುಕನ ಗೊರಕೆಯ ಗುಟ್ಟು ಇದೇ.

ಊರ್ಣವೆಂಬ ಸಂಸ್ಕೃತ ಶಬ್ದವೇ ತದ್ಭವವಾಗಿ ನಮ್ಮ 'ಉಣ್ಣೆ'. ಆದರೆ ಕುರಿಯ ಮೈಮೇಲಿನದೆಲ್ಲ ಉಣ್ಣೆಯಲ್ಲ! ತಿ. ನರಸೀಪುರ ತಾಲ್ಲೂಕಿನ ಬನ್ನೂರಿನ ಹೆಸರು ಹೊತ್ತ ಕುರಿಯನ್ನೇ ನೋಡಿ. ಅದರ ಖ್ಯಾತಿ ಮಾಂಸದಿಂದ. ಮೈಮೇಲಿರುವುದು ಒರಟು ಕೂದಲು. ಅದನ್ನು ಹಾಸಿಗೆಗೆ ತುಂಬಿದರೆ ಬೇಗನೆ ಅಮುಕಿ ಗಟ್ಟಿಯಾಗುತ್ತದೆ. ಚಿತ್ರದುರ್ಗ, ಚಳ್ಳಕೆರೆ ಕಡೆಯ ದಖನಿ ಕುರಿಯ ಉಣ್ಣೆಯೇ ಬೇರೆ. ಕುರುಬರು ಅದನ್ನು ನೂತು, ಹಾಸಿಗೆ ಹುಣಸೆಬೀಜದ ಸರಿ ಹಚ್ಚಿ ಕಂಬಳಿ ನೇಯುತ್ತಾರೆ.

"ಆ ಕಂಬಳಿ ಚುಚ್ಚುತ್ತದಲ್ಲ" ಎನ್ನುವಿರಿ. ನಿಜ, ಎಳೆ ದಪ್ಪ. ಆದಕಾರಣ ಮೈಗೆ ತಾಗುವ ಉಡುಪಿಗೆ ಅದು ಸಲ್ಲದು. ಆದರೆ ದಪ್ಪ ಎಳೆ ಅಮುಕಿದರೂ ಮತ್ತೆ ಪುಟಿಯುತ್ತದೆ. ತುಂಬುವುದಕ್ಕೆ ಬೇಕಾದುದು ಆ ಪುಟಿತವೇ. ಒತ್ತಾಗಿ ನೇಯ್ದ ಹತ್ತಿಬಟ್ಟೆಯ ಒಳಗಿಟ್ಟರೆ ಚುಚ್ಚುವ ದೋಷ ಮರೆಯಾಗಿ, ಗುಣ ಮಾತ್ರ ಉಳಿಯುತ್ತದೆ.

ಮಾಡುವ ಕ್ರಮ ಹೀಗೆ. ಹಸಿ ಉಣ್ಣೆಯಲ್ಲಿ ಜಿಡ್ಡು, ಬೆವರು, ಮುಳ್ಳು ಎಲ್ಲವೂ ಇರುತ್ತವೆ. ಉಗುರುಬೆಚ್ಚನೆಯ ನೀರಿನಲ್ಲಿ ಮೃದುವಾದ ಸೋಪಿನೊಡನೆ ನೆನೆಸಿ, ಉಜ್ಜದೆ ಅದ್ದಿ ತೆಗೆಯಿರಿ. ಬಿಸಿನೀರಿನಲ್ಲಿ ಉಜ್ಜಿದರೆ ಎಳೆಯ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಉಣ್ಣೆ ಗಂಟಾಗುತ್ತದೆ. ನಾನು ಒಮ್ಮೆ ಶುಚಿಯ ಹಟದಿಂದ ಕುದಿನೀರು ಸುರಿದು, ಒಂದು ರಜಾಯಿಯ ಉಣ್ಣೆಯನ್ನು ಚಾಪೆಯ ತುಂಡುಗಳಾಗಿಸಿದೆ. ಮನೆಯವರು ಇಂದಿಗೂ ಅದನ್ನು ಮರೆತಿಲ್ಲ. ನೆರಳಿನಲ್ಲಿ ಆರಿಸಿ, ಚೆನ್ನಾಗಿ ಹಿಂಜಿ, ಪದರಪದರವಾಗಿ ಹರಡಿ, ಸರಿಯದಂತೆ ಅಲ್ಲಲ್ಲಿ ಹೊಲಿಗೆ ಹಾಕಿರಿ. ಒತ್ತಿ ತುಂಬಬೇಡಿ; ಗಾಳಿ ಹೋದರೆ ಬೆಚ್ಚಗೂ ಹೋಯಿತು.

ಎರಡು ಎಚ್ಚರಿಕೆಗಳುಂಟು. ನುಸಿಯ ಮರಿಹುಳು ಉಣ್ಣೆಯನ್ನೇ ತಿಂದು ಬೆಳೆಯುತ್ತದೆ. ಬೇವಿನ ಸೊಪ್ಪೊಂದನ್ನೇ ನಂಬದೆ, ಆಗಾಗ ಬಿಸಿಲಿಗೆ ಹಾಕಿ ಕೊಡವಿ, ಬಿಗಿಯಾಗಿ ಕಟ್ಟಿಡಿ. ಇನ್ನು, ವರ್ಷ ತುಂಬದ ಕೂಸಿಗೆ ರಜಾಯಿ ಹೊದಿಸಬೇಡಿ. ಮುಖದ ಮೇಲೆ ಸರಿದರೆ ಉಸಿರಿಗೇ ಅಪಾಯ. ಹತ್ತಿಯ ಅಂಗಿಯ ಮೇಲೆ ತೆಳುವಾದ ನಯದ ಉಣ್ಣೆಯಂಗಿ ತೊಡಿಸಿದರೆ ಸಾಕು.

ಕೊಳ್ಳುವವರಿರಲಿ, ಇಲ್ಲದಿರಲಿ, ಕುರಿಯ ಉಣ್ಣೆ ಕತ್ತರಿಸಲೇಬೇಕು. ಕಂಬಳಿಗೆ ಗಿರಾಕಿ ಕಡಿಮೆಯಾದ ಮೇಲೆ ಆ ಉಣ್ಣೆ ಎಷ್ಟೋ ಕಡೆ ಬೇಲಿಯ ಬದಿಗೆ ಬೀಳುತ್ತಿದೆ. ನಂಜನಗೂಡಿನ ಚಳಿಗೆ ಪೇಟೆಯ ಪಾಲಿಯೆಸ್ಟರ್ ರಜಾಯಿಯನ್ನು ಕೊಳ್ಳುವ ಮುನ್ನ, ಆ ಬೇಲಿಯ ಬದಿಯನ್ನೊಮ್ಮೆ ನೆನೆಯಿರಿ. ನಿಮಗೆ ಬೆಚ್ಚಗಾದೀತು; ಕುರಿಗಾಹಿಗೆ ನಾಲ್ಕು ಕಾಸಾದೀತು.